ಬೇಡಿಕೆ ಪತ್ರ ಬರೆದ ಹಸುಗಳು



ಮಕ್ಕಳ ಪುಸ್ತಕವೆಂದರೆ ಕೊನೆಯಲ್ಲೊಂದು ನೀತಿ ಇರಲೇಬೇಕೆಂದು ನಂಬಿದವರು ನಾವು. ಕೊಟ್ಟ ಮಾತಿಗಾಗಿ ಹುಲಿಯ ಮುಂದೆ ಬಂದು ನಿಂತ ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮಗೆ, ಯಜಮಾನನಿಗೇ ಬೇಡಿಕೆ ಪತ್ರ ಕಳಿಸುವ ಹಸುಗಳು ತುಸು ಉದ್ಧಟವಾಗಿ ಕಂಡರೆ ಆಶ್ಚರ್ಯವಿಲ್ಲ.

ಅಂಥ ಹಸುಗಳಿರುವ ಪುಸ್ತಕ ‘ಕ್ಲಿಕ್, ಕ್ಲ್ಯಾಕ್, ಮೂ’. 2000ದಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಬರೆದವರು ಡೊರೀನ್ ಕ್ರೋನಿನ್, ವಕೀಲಿ ವೃತ್ತಿಯಲ್ಲಿದ್ದವರು. ಚಿತ್ರಗಳು ಬೆಟ್ಸಿ ಲೆವಿನ್ ಅವರವು. ಆ ಚಿತ್ರಗಳಿಗೆ 2001ರಲ್ಲಿ ಕಾಲ್ಡೆಕಾಟ್ ಗೌರವ ಸಂದಿತು.

ಕಥೆ ಸರಳ. ರೈತ ಬ್ರೌನನ ಕೊಟ್ಟಿಗೆಯಲ್ಲಿ ಹಸುಗಳಿಗೆ ಹಳೆಯ ಟೈಪ್‌ರೈಟರ್ ಸಿಗುತ್ತದೆ. ರಾತ್ರಿ ಕೊಟ್ಟಿಗೆ ಕೊರೆಯುತ್ತದೆ, ವಿದ್ಯುತ್ ಕಂಬಳಿ ಬೇಕು ಎಂದು ಅವು ಟೈಪ್ ಮಾಡಿ ಬಾಗಿಲಿಗೆ ಅಂಟಿಸುತ್ತವೆ. ಬ್ರೌನ್ ಒಪ್ಪುವುದಿಲ್ಲ. ಹಾಲು ನಿಲ್ಲುತ್ತದೆ. ಚಳಿ ಕೋಳಿಗಳಿಗೂ ಇದೆಯಲ್ಲ, ಮೊಟ್ಟೆಯೂ ನಿಲ್ಲುತ್ತದೆ. ಸಿಟ್ಟಾದ ಬ್ರೌನ್ ತಾನೂ ಟೈಪ್‌ರೈಟರ್ ಹಿಡಿದು ಕೂರುತ್ತಾನೆ.

ಕಥೆಯ ಜೀವ ಇರುವುದು ಇಲ್ಲೇ. ಹಸುಗಳಿಗೆ ಬೇಡಿಕೆ ಎಂಥದು ಎಂದು ಗದರಿಸಲಿಕ್ಕೇ ಅವನು ಪತ್ರ ಬರೆಯುವುದು. ಆದರೆ ಪತ್ರಕ್ಕೆ ಪತ್ರದಲ್ಲೇ ಉತ್ತರ ಕೊಟ್ಟ ಗಳಿಗೆಯಲ್ಲಿ, ಎದುರಿಗಿರುವುದು ಮಾತಾಡಬಲ್ಲ ಕಕ್ಷಿ ಎಂದು ಅವನೇ ಒಪ್ಪಿಕೊಂಡಂತಾಯಿತು! ವಕೀಲರಿಗೆ ಮಾತ್ರ ಹೊಳೆಯಬಹುದಾದ ಹಾಸ್ಯವಿದು.

ಯಾರ ಪಕ್ಷಕ್ಕೂ ಸೇರದ ಬಾತುಕೋಳಿ ಸಂಧಾನಕ್ಕೆ ನಿಲ್ಲುತ್ತದೆ. ಕಂಬಳಿ ಕೊಟ್ಟರೆ ಟೈಪ್‌ರೈಟರ್ ವಾಪಸು ಎಂದು ಒಪ್ಪಂದ. ಬ್ರೌನ್ ಕಂಬಳಿ ಇಟ್ಟು ಕಾಯುತ್ತಾನೆ. ಮರುದಿನ ಬರುವುದು ಟೈಪ್‌ರೈಟರ್ ಅಲ್ಲ, ಬಾತುಕೋಳಿಗಳ ಪತ್ರ: ಕೊಳ ಬೇಸರವಾಗಿದೆ, ನೀರಿಗೆ ಧುಮುಕಲು ಹಲಗೆ ಬೇಕು!

ಇದನ್ನೋದಿದ ಮಕ್ಕಳು ಹಠಮಾರಿಗಳಾಗುವುದಿಲ್ಲವೇ ಎಂದು ಹಿರಿಯರು ಕೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ಈ ಹಸುಗಳು ಹಾಯಲಿಲ್ಲ, ಒದೆಯಲಿಲ್ಲ. ಬೇಕಾದದ್ದನ್ನು ಕಾರಣ ಕೊಟ್ಟು ಕೇಳಿದವು. ನೆಲಕ್ಕೆ ಬಿದ್ದು ಹೊರಳಾಡುವ ಮಗುವಿಗೆ ಇದಕ್ಕಿಂತ ದೊಡ್ಡ ಪಾಠ ಯಾವುದು? ಅಕ್ಷರ ಕಲಿಯುವುದು ಪರೀಕ್ಷೆಗಷ್ಟೇ ಅಲ್ಲ, ನಮ್ಮ ಚಳಿಯನ್ನು ಇನ್ನೊಬ್ಬರಿಗೆ ತಿಳಿಸಲಿಕ್ಕೂ ಹೌದು ಎಂಬುದು ನಗುನಗುತ್ತಲೇ ಮನಸ್ಸಿಗಿಳಿಯುತ್ತದೆ.

ಪುಣ್ಯಕೋಟಿ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಕಲಿಸಿದಳು. ಈ ಹಸುಗಳು ಮಾತನ್ನು ಆಡಲು ಕಲಿಸುತ್ತವೆ. ಮಕ್ಕಳಿಗೆ ಎರಡೂ ಬೇಕು. ನಾಳೆ ನಿಮ್ಮ ಮಗು ಚೀಟಿಯಲ್ಲೇನಾದರೂ ಬರೆದು ಕೇಳಿದರೆ ಗದರಬೇಡಿ. ಇಲ್ಲವೆನ್ನುವುದಿದ್ದರೂ ಸರಿ, ಬರೆದೇ ಉತ್ತರ ಕೊಡಿ.