ಗಾಯಕ್ಕೊಂದು ಸಾರುವೆ

(ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)

ಇದೇ ಅಂಗಳದಲ್ಲಿ ನನ್ನ ಜೊತೆ ಪ್ರಾರ್ಥನೆಗೆ ನಿಂತು, ಚಂದ್ರವಳ್ಳಿ ಕೆರೆ ದಂಡೆಯಲ್ಲಿ ಅಲೆದಾಡಿದ ಗೆಳೆಯ ಗೆಳತಿಯರೇ,

ನಾನು ಏನು ಕೆಲಸ ಮಾಡುತ್ತೇನೆಂದು ಬೆಳಿಗ್ಗೆಯಿಂದ ನಾಲ್ಕಾರು ಜನ ಕೇಳಿದಿರಿ. "ಲ್ಯಾಬಿನಲ್ಲಿ" ಎಂದಷ್ಟೇ ಹೇಳಿ ತಪ್ಪಿಸಿಕೊಂಡೆ. ಈಗ ಮೈಕು ಕೈಗೆ ಬಂದಿದೆ, ತಪ್ಪಿಸಿಕೊಳ್ಳುವ ಹಾಗಿಲ್ಲ. ಅವ್ವನ ಮೊಣಕೈಯಿಂದ ಶುರು ಮಾಡುತ್ತೇನೆ.

ನಾನು ಎಂಟನೇ ತರಗತಿಯಲ್ಲಿದ್ದಾಗ ಸೀಮೆಎಣ್ಣೆ ಸ್ಟವ್ ಭಗ್ಗೆಂದು ಹೊತ್ತಿ ಅವ್ವನ ಬಲಗೈ ಸುಟ್ಟಿತು. ಪ್ರಾಣಕ್ಕೇನೂ ಆಗಲಿಲ್ಲ, ಗಾಯವೂ ಮಾಯಿತು. ಆದರೆ ಮಾಯುತ್ತಾ ಮಾಯುತ್ತಾ ಚರ್ಮ ಎಳೆದುಕೊಂಡು, ಮೊಣಕೈ ಮಡಚಿದಂತೆಯೇ ನಿಂತುಬಿಟ್ಟಿತು. ಆಮೇಲೆ ಅವ್ವ ಎರಡು ಕೈಯಲ್ಲಿ ಬಾವಿಯ ಹಗ್ಗ ಎಳೆದದ್ದನ್ನು ನಾನು ನೋಡಲಿಲ್ಲ. ಮಾದ ಗಾಯ ಕೈಯನ್ನೇಕೆ ಮಡಚಬೇಕು? ಉತ್ತರ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ.

ಚರ್ಮದ ಮೇಲ್ಪದರ ಮಾತ್ರ ಸುಟ್ಟರೆ ಅದು ತಾನೇ ಬೆಳೆಯುತ್ತದೆ. ಒಳಪದರ ಪೂರ್ತಿ ಹೋದರೆ ಅದನ್ನು ಮೊದಲಿನಂತೆ ಕಟ್ಟಲು ದೇಹಕ್ಕೆ ಬರುವುದಿಲ್ಲ. ಹರಿದ ಗೋಣಿಚೀಲವನ್ನು ದಬ್ಬಣದಲ್ಲಿ ಎಳೆದು ಹೊಲಿದಂತೆ, ಅವಸರದಲ್ಲಿ ಗಾಯದ ಅಂಚುಗಳನ್ನು ಎಳೆದು ಮುಚ್ಚುತ್ತದೆ. ಸುತ್ತ ಜೀವಕೋಶಗಳಿರುತ್ತವೆ, ಅವು ನಿಂತು ಕಟ್ಟಲು ಆಸರೆ ಇರುವುದಿಲ್ಲ. ಗಾರೆ ಕೆಲಸದವರು ಗೋಡೆ ಏರಿದಂತೆ ಬೊಂಬು ಕಟ್ಟಿ ಸಾರುವೆ ಹಾಕುತ್ತಾರಲ್ಲ, ಅಂಥದ್ದೊಂದು ಗಾಯದೊಳಗೆ ಬೇಕು. ಮನೆ ಮುಗಿದ ಮೇಲೆ ಆ ಸಾರುವೆಯನ್ನು ಬಿಚ್ಚುತ್ತೇವೆ. ಇದು ತಾನಾಗಿಯೇ ಕರಗಿಹೋಗಬೇಕು.

ಅಮೆರಿಕದ ಬಾಸ್ಟನ್ನಿನಲ್ಲಿ ಯಾನಸ್ ಎಂಬ ಎಂಜಿನಿಯರ್ ಮತ್ತು ಬರ್ಕ್ ಎಂಬ ಶಸ್ತ್ರವೈದ್ಯರು ದನದ ಚರ್ಮದ ಕೊಲಾಜನ್‌ಗೆ ಶಾರ್ಕ್ ಮೀನಿನ ಮೃದುಮೂಳೆಯಿಂದ ತೆಗೆದ ವಸ್ತು ಬೆರೆಸಿ ಸ್ಪಂಜಿನಂಥ ಹಾಳೆ ಮಾಡಿದರು. ಸುಟ್ಟ ಗಾಯಗಳ ಮೇಲೆ ಅದನ್ನು ಬಳಸಿದ ವರದಿ 1981ರಲ್ಲಿ ಬಂತು. ಅವ್ವ ಸುಟ್ಟುಕೊಂಡದ್ದು ಅದಾದ ಮೇಲೆಯೇ. ಆದರೆ ಆ ಹಾಳೆಗೆ ಅಮೆರಿಕದಲ್ಲೇ ಮಾರಾಟದ ಅನುಮತಿ ಸಿಕ್ಕಿದ್ದು 1996ರಲ್ಲಿ. ಚಿತ್ರದುರ್ಗದ ಮಾತು ದೂರವೇ ಉಳಿಯಿತು.

ನಾವು ಸಾರುವೆ ಕಟ್ಟುವುದು ರೇಷ್ಮೆಯಿಂದ. ಹುಳು ಸಾಕುವವರು ಇಲ್ಲಿ ಕೂತಿದ್ದೀರಿ, ನಿಮಗೆ ಪಾಠ ಹೇಳಬೇಕಿಲ್ಲ. ನಾಲ್ಕನೇ ಜ್ವರದಿಂದ ಎದ್ದ ಹುಳು ಸೊಪ್ಪು ತಿಂದು ಹಣ್ಣಾದ ಮೇಲೆ ಚಂದ್ರಿಕೆಗೆ ಬಿಡುತ್ತೀರಿ. ಚಂದ್ರಿಕೆ ಇಲ್ಲದಿದ್ದರೆ ಗೂಡು ನೆಟ್ಟಗೆ ಬರುವುದಿಲ್ಲ. ಅಂದರೆ ನೂಲುವ ಹುಳುವಿಗೂ ಒಂದು ಸಾರುವೆ ಬೇಕು! ಅದು ಬಿಡುವ ಎಳೆಯಲ್ಲಿ ಸುಮಾರು ಮುಕ್ಕಾಲು ಪಾಲು ಫೈಬ್ರೋಯಿನ್ ಎಂಬ ಪ್ರೋಟೀನು. ಅದಕ್ಕೆ ಮೆತ್ತಿದ ಗೋಂದು ಸೆರಿಸಿನ್. ಗೂಡು ಕತ್ತರಿಸಿ, ಒಳಗಿನ ಹುಳು ತೆಗೆದು, ವಾಷಿಂಗ್ ಸೋಡಾ ನೀರಿನಲ್ಲಿ ಕುದಿಸಿದರೆ ಗೋಂದು ಬಿಡುತ್ತದೆ. ಉಳಿದ ಎಳೆಯನ್ನು ಲಿಥಿಯಂ ಬ್ರೋಮೈಡ್ ಎಂಬ ಲವಣದ ದಟ್ಟ ದ್ರಾವಣದಲ್ಲಿ ಕರಗಿಸಿ, ಆಮೇಲೆ ಲವಣವನ್ನು ತೆಗೆಯುತ್ತೇವೆ. ಹುಳು ಎರಡು ಮೂರು ದಿನ ತಲೆ ಆಡಿಸಿ ನೂತದ್ದನ್ನು ನಾವು ಮತ್ತೆ ನೀರು ಮಾಡಿದೆವು! "ಇದಕ್ಕೆ ಇಷ್ಟೊಂದು ಓದಬೇಕಿತ್ತೇನೋ" ಎಂದು ನಮ್ಮ ಸೋದರಮಾವ ಕೇಳಿದ್ದುಂಟು.

ಆ ದ್ರಾವಣವನ್ನು ಸಿರಿಂಜಿಗೆ ತುಂಬಿ, ಸೂಜಿಗೂ ಎದುರಿನ ಲೋಹದ ತಟ್ಟೆಗೂ ನಡುವೆ 15ರಿಂದ 20 ಸಾವಿರ ವೋಲ್ಟ್ ಕೊಡುತ್ತೇವೆ. ಸೂಜಿಯ ತುದಿಯ ಹನಿಯಿಂದ ಎಳೆಯೊಂದು ಚಿಮ್ಮಿ, ಚಾವಟಿಯಂತೆ ಸುತ್ತುತ್ತಾ ಗಾಳಿಯಲ್ಲೇ ಒಣಗಿ ತಟ್ಟೆಯ ಮೇಲೆ ಬೀಳುತ್ತದೆ. ತಲೆಗೂದಲಿನ ನೂರರಲ್ಲೊಂದು ಪಾಲಿಗಿಂತ ಸಣ್ಣ ಎಳೆ. ನ್ಯಾನೊ ಎಳೆ ಎನ್ನುವುದು ಇದಕ್ಕೇ. ಗಂಟೆಗಟ್ಟಲೆ ಬಿದ್ದರೆ ಬಿಳಿ ಹಾಳೆಯಾಗುತ್ತದೆ. ನೀರು ತಾಗಿದರೆ ಕರಗದಂತೆ ಅದನ್ನು ಆಲ್ಕೋಹಾಲಿನಲ್ಲಿ ಅದ್ದಿ ಹದ ಮಾಡಬೇಕು. ಅಷ್ಟು ಸಣ್ಣ ಎಳೆ ಏಕೆಂದರೆ, ನಮ್ಮ ಚರ್ಮದೊಳಗಿನ ಕೊಲಾಜನ್ ಎಳೆಗಳೂ ಅಷ್ಟೇ ಸಣ್ಣವು. ಜೀವಕೋಶಕ್ಕೆ ಪರಿಚಯದ ನೆಲ ಸಿಕ್ಕಂತಾಗುತ್ತದೆ. ತೊಂದರೆಯೂ ಇಲ್ಲೇ. ಎಳೆ ಒತ್ತಾಗಿ ಬಿದ್ದರೆ ಕೋಶಗಳು ಒಳಗಿಳಿಯದೆ ಮೇಲೆಯೇ ಹರಡಿಕೊಳ್ಳುತ್ತವೆ. ಸಡಿಲವಾದರೆ ತಟ್ಟೆಯಿಂದ ಎತ್ತುವಾಗಲೇ ಹಾಳೆ ಹರಿಯುತ್ತದೆ. ನನ್ನ ಆರು ವರ್ಷ ಇದರಲ್ಲೇ ಹೋಗಿದೆ.

ರೇಷ್ಮೆ ಪ್ರೋಟೀನಿನ ಗಾಯದ ಪಟ್ಟಿಗಳನ್ನು ಬೆಂಗಳೂರಿನ ಫೈಬ್ರೋಹೀಲ್ ಸಂಸ್ಥೆ ಈಗ ಮಾರುತ್ತಿದೆ. ಆದರೆ ಗಾಯ ಮುಚ್ಚುವ ಪಟ್ಟಿ ಬೇರೆ, ಒಳಪದರ ಕಟ್ಟುವ ಸಾರುವೆ ಬೇರೆ. ನಮ್ಮದು ಇನ್ನೂ ಇಲಿಯ ಮೈ ದಾಟಿಲ್ಲ. ಯಾನಸ್ ಅವರ ಹಾಳೆಯ ಮೇಲೆ ಬೆಳೆದ ಚರ್ಮದಲ್ಲೂ ಕೂದಲಿಲ್ಲ, ಬೆವರು ಗ್ರಂಥಿಯಿಲ್ಲ. "ಕೃತಕ ಚರ್ಮ ಸಿದ್ಧ" ಎಂದು ಎಲ್ಲಾದರೂ ಓದಿದರೆ ಇಷ್ಟನ್ನು ನೆನಪಿಟ್ಟುಕೊಳ್ಳಿ.

ಅವ್ವ ಒಮ್ಮೆ ಲ್ಯಾಬಿಗೆ ಬಂದಿದ್ದಳು. ಹಾಳೆಯನ್ನು ಎಡಗೈಯಲ್ಲಿ ಹಿಡಿದು ನೋಡಿ, "ನಂದು ಬಿಡು, ಮುಂದಿನೋರಿಗಾದ್ರೂ ಆಗುತ್ತೇನಪ್ಪ?" ಎಂದಳು. ಹೂಂ ಅನ್ನಲು ಬಾಯಿ ಬರಲಿಲ್ಲ. "ನೋಡೋಣ" ಎಂದೆ.

ತಾಯಂದಿರಿಗೆ ಒಂದು ಮಾತು. ಸುಟ್ಟ ತಕ್ಷಣ 20 ನಿಮಿಷ ತಣ್ಣನೆಯ ಹರಿಯುವ ನೀರು ಬಿಡಿ. ಇಂಕು, ಟೂತ್‌ಪೇಸ್ಟ್, ಎಣ್ಣೆ ಏನೂ ಹಚ್ಚಬೇಡಿ. ಬಳೆ, ಉಂಗುರ ಊದುವ ಮೊದಲೇ ತೆಗೆಯಿರಿ. ಶುಭ್ರ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಹೋಗಿ. ಕೀಲಿನ ಮೇಲೆ ಸುಟ್ಟಿದ್ದರೆ ಗಾಯ ಮಾಯಿತೆಂದು ಸುಮ್ಮನಾಗದೆ, ವೈದ್ಯರು ಹೇಳಿದ ವ್ಯಾಯಾಮ ಬಿಡಬೇಡಿ. ಅವ್ವನಿಗೆ ಇದನ್ನು ಹೇಳುವವರಿರಲಿಲ್ಲ.

ಹತ್ತನೇ ತರಗತಿಯ ಮಕ್ಕಳು ಬೆಂಗಳೂರಿಗೆ ಪ್ರವಾಸ ಬಂದರೆ ಲ್ಯಾಬಿಗೂ ಬನ್ನಿ. ಹೆಡ್‌ಮಾಸ್ಟರ ಹತ್ತಿರ ನನ್ನ ನಂಬರ್ ಇದೆ. ಬರುವಾಗ ನಿಮ್ಮ ಮನೆಯ ಹತ್ತು ಗೂಡು ತನ್ನಿ, ಅದರಿಂದಲೇ ಹಾಳೆ ಮಾಡಿ ತೋರಿಸುತ್ತೇನೆ.