ಅಂಗಳಕ್ಕೆ ಬಂದು ಕರೆದರೆ



ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವಾಗ ಅರಬೈಲ್ ಘಟ್ಟವನ್ನು ನೀವು ನೋಡಿರಬಹುದು. ಹೆದ್ದಾರಿಯಲ್ಲಿ ಲಾರಿಗಳ ಸಾಲು ಕಾಣುತ್ತದೆ, ಊರು ಕಾಣುವುದಿಲ್ಲ. ಕಣಿವೆಯಲ್ಲಿ ಎರಡು ಮನೆ, ತೋಟದ ತಲೆಯಲ್ಲಿ ನಾಲ್ಕು, ಹೀಗೆ ಚದುರಿದ ಊರುಗಳಿವು. ಇಲ್ಲಿ ಮತಗಟ್ಟೆಗೆ ಹೋಗುವುದೆಂದರೆ ಗುಡ್ಡ ಹತ್ತಿ, ಹಳ್ಳ ದಾಟುವ ಕೆಲಸ.

2020ರ ಗ್ರಾಮ ಪಂಚಾಯತಿ ಚುನಾವಣೆ ರಾಜ್ಯದಲ್ಲಿ ಡಿಸೆಂಬರ್ 22 ಮತ್ತು 27ರಂದು ನಡೆಯಿತು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಅದು ಅಡಿಕೆ ಕೊಯ್ಲಿನ ಕಾಲ. ಕೊನೆಗೌಡ ಸಿಕ್ಕ ದಿನವನ್ನು ಬಿಡುವಂತಿಲ್ಲ. ಕೊಯ್ದದ್ದನ್ನು ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. "ನನ್ನದೊಂದು ಮತದಿಂದ ಏನಾದೀತು" ಎಂಬ ಮಾತು ಸೋಮಾರಿತನದಿಂದಲೇ ಹುಟ್ಟುವುದಲ್ಲ, ದುಡಿಮೆಯಿಂದಲೂ ಹುಟ್ಟುತ್ತದೆ.

ಆದರೆ ಲೆಕ್ಕ ಹಾಕಿ ನೋಡಿ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಮಕ್ಕಳನ್ನು ಕಳೆದರೆ ಮತದಾರರು ಇನ್ನೂ ಕಡಿಮೆ. ಪಕ್ಷದ ಚಿಹ್ನೆಯೂ ಇಲ್ಲ. ಒಂದು ಮನೆಯ ಐದು ಮತ ತಪ್ಪಿದರೆ ಫಲಿತಾಂಶವೇ ತಿರುಗಬಹುದು. ನಿಮ್ಮ ಹಳ್ಳದ ಕಾಲುಸಂಕದ ಮಾತು ಎತ್ತಬೇಕಾದವರು ಈ ಸದಸ್ಯರೇ.

ಮತದಾರರನ್ನು ಕರೆತರುವುದು ಯಾವುದು? ಧ್ವನಿವರ್ಧಕವೇ, ಕರಪತ್ರವೇ? 1998ರಲ್ಲಿ ಅಮೆರಿಕದ ನ್ಯೂ ಹೇವನ್ ನಗರದಲ್ಲಿ ಗರ್ಬರ್ ಮತ್ತು ಗ್ರೀನ್ ಎಂಬ ವಿದ್ವಾಂಸರು ಇದನ್ನು ಪರೀಕ್ಷಿಸಿದರು. ಕೆಲವರಿಗೆ ಅಂಚೆಪತ್ರ, ಕೆಲವರಿಗೆ ದೂರವಾಣಿ ಕರೆ, ಕೆಲವರ ಬಾಗಿಲಿಗೆ ಮನುಷ್ಯರೇ ಹೋದರು. ಮನೆಗೆ ಹೋಗಿ ಆಡಿದ ಮಾತು ಮತದಾನವನ್ನು ಸ್ಪಷ್ಟವಾಗಿ ಹೆಚ್ಚಿಸಿತು; ದೂರವಾಣಿಯಿಂದ ಪ್ರಯೋಜನ ಕಾಣಲಿಲ್ಲ. ನಮ್ಮ ಕಡೆಯವರಿಗೆ ಇದೇನು ಹೊಸ ಸುದ್ದಿಯಲ್ಲ. ಅಂಚೆಯಲ್ಲಿ ಬಂದ ಮದುವೆಯ ಕರೆಯೋಲೆಗಿಂತ ಅಂಗಳಕ್ಕೆ ಬಂದು ಕರೆದದ್ದಕ್ಕೇ ಇಲ್ಲಿ ಬೆಲೆ.

ರಾತ್ರಿ ಅಡಿಕೆ ಸುಲಿಯಲು ನೆರೆಯವರು ಸೇರುತ್ತಾರಲ್ಲ, ಅದು ಒಳ್ಳೆಯ ಹೊತ್ತು. "ನಾಳೆ ಎಷ್ಟು ಗಂಟೆಗೆ ಹೊರಡುತ್ತೀರಿ? ಅಜ್ಜಿಯನ್ನು ಯಾರು ಕರೆತರುತ್ತೀರಿ?" ಎಂದು ಕೇಳಿ. ಸಮಯ ಗೊತ್ತಾದರೆ ಕೆಲಸವೂ ಹೊಂದಿಕೊಳ್ಳುತ್ತದೆ. ನೆಂಟರ ಮನೆಗಳನ್ನಷ್ಟೇ ಸುತ್ತಬೇಡಿ. ಕಾಡಂಚಿನ ಸಿದ್ದಿಗಳ ಮನೆಗೂ, ತೋಟದಲ್ಲಿ ದುಡಿಯುವವರ ಮನೆಗೂ ಹೋಗಿ. ಯಾರಿಗೆ ಮತ ಎಂದು ಮಾತ್ರ ಕೇಳಬೇಡಿ. ಪರಿಚಯ ಹಂಗಾಗಿ ತಿರುಗುವುದು ಅಲ್ಲೇ. ಸಾಲ ಕೊಟ್ಟವರು, ಕೂಲಿ ಕೊಡುವವರು ಕೇಳಿದರೆ ಎದುರಿನವರು ಏನು ಹೇಳಿಯಾರು?

ಧಾರವಾಡ, ಹುಬ್ಬಳ್ಳಿಯ ಹಾಸ್ಟೆಲುಗಳಲ್ಲಿರುವವರು, 18 ತುಂಬಿದ್ದರೆ ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಮತದಾನದ ಹಿಂದಿನ ಸಂಜೆಯ ಬಸ್ಸು ಹಿಡಿದರೆ, ಮನೆಗೆ ನಡೆಯುವ ದಾರಿಯಲ್ಲೇ ನಾಲ್ಕು ಅಂಗಳಗಳಲ್ಲಿ ನಿಂತು ಕರೆಯಬಹುದು.