ಕಲ್ಲಿದ್ದಲಿನ ಕಸವೂ ಊರಿನ ನೀರೂ
(ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ನಮ್ಮ ನಾಡಿನ ನೆಲದಲ್ಲಿ ಕಲ್ಲಿದ್ದಲಿಲ್ಲ. ರಾಯಚೂರಿನ ಶಕ್ತಿನಗರದಲ್ಲಿ ಉರಿಯುವ ಕಲ್ಲಿದ್ದಲು ಹೊರಗಿನಿಂದ ರೈಲಿನಲ್ಲಿ ಬರುತ್ತದೆ. ವಿದ್ಯುತ್ತು ನಮಗೆ ಸಿಗುತ್ತದೆ. ಅಗೆದು ಬಿಸುಟ ಕಸ ಗಣಿಯ ಊರಿನಲ್ಲೇ ಉಳಿಯುತ್ತದೆ. ಆದ್ದರಿಂದ ಇದು ಪರರ ಪಾಡೆಂದು ನಾವು ಸುಮ್ಮನಿರುವಂತಿಲ್ಲ. ಕಸವೆಂದರೆ ಏನೆಂದು ಕೋಲಾರದವರನ್ನು ಕೇಳಿ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಸೈನೈಡ್ ದಿಬ್ಬಗಳು ಉಳಿದವು.

ಕಲ್ಲಿದ್ದಲಿನ ಕಸ ಮಾಡುವ ಕೇಡೇ ಬೇರೆ. ಕಲ್ಲಿದ್ದಲಿನ ಪದರಗಳಲ್ಲಿ ಕಬ್ಬಿಣವೂ ಗಂಧಕವೂ ಕೂಡಿದ ಪೈರೈಟ್ ಎಂಬ ಖನಿಜ ಇರುತ್ತದೆ. ನೆಲದಾಳದಲ್ಲಿ ಗಾಳಿ ತಗಲದೆ ಇರುವಷ್ಟು ಕಾಲ ಅದರಿಂದ ತೊಂದರೆಯಿಲ್ಲ. ಅಗೆದು ರಾಶಿ ಹಾಕಿ ಗಾಳಿಗೂ ಮಳೆಗೂ ಒಡ್ಡಿದರೆ ಗಂಧಕಾಮ್ಲ ಹುಟ್ಟುತ್ತದೆ. ಈ ಹುಳಿ ನೀರು ಕಲ್ಲಿನೊಳಗಿನ ಕಬ್ಬಿಣ, ಮ್ಯಾಂಗನೀಸ್, ಅಲ್ಯುಮಿನಿಯಂಗಳನ್ನು ಕರಗಿಸಿಕೊಂಡು ಹಳ್ಳಕ್ಕೆ ಇಳಿಯುತ್ತದೆ. ಮುಂದೆ ಒಳ್ಳೆಯ ನೀರು ಬೆರೆತಲ್ಲಿ ಕಬ್ಬಿಣವು ತುಕ್ಕಿನ ಬಣ್ಣದ ಕೆಸರಾಗಿ ತಳ ಹಿಡಿಯುತ್ತದೆ. ಹುಳಿಯಿಂದ ತಪ್ಪಿಸಿಕೊಂಡ ಮೀನಿನ ಮೊಟ್ಟೆ ಈ ಕೆಸರಿನಡಿ ಉಸಿರುಗಟ್ಟುತ್ತದೆ. ರಾಶಿಯ ಬುಡದಲ್ಲಿ ಇಂಗಿದ್ದು ಬಾವಿ ಸೇರುತ್ತದೆ. ಹಳ್ಳದ ಕೇಡು ಕಣ್ಣಿಗೆ ಕಂಡೀತು, ಬಾವಿಯದು ಕಾಣದು. ನೀರು ತಿಳಿಯಾಗಿಯೇ ಇರಬಹುದು. ಇನ್ನು, ಗಣಿ ನಡೆಯುವಾಗ ಪಂಪು ಹಾಕಿ ನೀರೆತ್ತುತ್ತಾರೆ. ಗಣಿ ಬಿಟ್ಟ ಮೇಲೆ ಪಂಪು ನಿಲ್ಲುತ್ತದೆ, ಸುರಂಗ ತುಂಬುತ್ತದೆ, ಕೆಟ್ಟ ನೀರು ವರ್ಷಗಳ ನಂತರ ಹೊರಬರುತ್ತದೆ. ಆಗ ಕೇಳೋಣವೆಂದರೆ ಮಾಲೀಕನೆಲ್ಲಿ?

ಮೇಘಾಲಯದ ಜೈಂತಿಯಾ ಬೆಟ್ಟಗಳನ್ನು ನೋಡಿ. ಅಲ್ಲಿಯ ಕಲ್ಲಿದ್ದಲಿನಲ್ಲಿ ಗಂಧಕ ಹೆಚ್ಚು. ಇಲಿಯ ಬಿಲದಂಥ ಸುರಂಗಗಳಲ್ಲಿ ಕೂಲಿಕಾರರು ತೆವಳಿ ಅಗೆದು ತಂದದ್ದನ್ನು ರಸ್ತೆಯ ಪಕ್ಕದ ಬಯಲಿನಲ್ಲೇ ಸುರಿಯುತ್ತಿದ್ದರು. ನೆಲ ಯಾರದೋ ಅದರಡಿಯ ಕಲ್ಲಿದ್ದಲೂ ಅವರದೇ ಎಂಬುದು ಅಲ್ಲಿಯ ರೂಢಿ. 1973ರ ರಾಷ್ಟ್ರೀಕರಣ ಈ ಬೆಟ್ಟಗಳನ್ನು ಮುಟ್ಟಲಿಲ್ಲ. ಇದು ಬುಡಕಟ್ಟಿನ ಹಕ್ಕು ಎನ್ನುವವರಿದ್ದಾರೆ. ಆ ಹಕ್ಕನ್ನು ನಾವೂ ಒಪ್ಪುತ್ತೇವೆ. ಆದರೆ ಹೊಳೆಯೂ ಬುಡಕಟ್ಟಿನದೇ ಅಲ್ಲವೆ? ಲುಖಾ ಹೊಳೆ ಚಳಿಗಾಲದಲ್ಲಿ ನೀಲಿಗಟ್ಟಿತು, ಮೀನು ಸತ್ತವು. ಸಿಮೆಂಟ್ ಕಾರ್ಖಾನೆಗಳನ್ನು ದೂರುವವರೂ ಉಂಟು. ಹೊಳೆಗೆ ಅದರಿಂದೇನು ಸಮಾಧಾನ? ಕೊಪಿಲಿ ಹೊಳೆ ಹುಳಿ ನೀರನ್ನು ಅಸ್ಸಾಮಿಗೆ ಹೊತ್ತೊಯ್ದು ಜಲವಿದ್ಯುತ್ ಕೇಂದ್ರದ ಉಕ್ಕಿನ ಯಂತ್ರಭಾಗಗಳನ್ನೇ ತಿಂದಿತು. ಉಕ್ಕಿನ ಗತಿಯೇ ಹೀಗಾದರೆ ಕುಡಿಯುವವನ ಹೊಟ್ಟೆಯ ಗತಿ?

ದೂರು ಒಯ್ದವರು ಅಸ್ಸಾಮಿನ ದಿಮಾಸಾ ವಿದ್ಯಾರ್ಥಿಗಳು. 2014ರ ಏಪ್ರಿಲಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇಂಥ ಗಣಿಗಾರಿಕೆಯನ್ನು ತಡೆಯಿತು. ಕಳ್ಳ ಗಣಿ ನಿಲ್ಲಲಿಲ್ಲ. 2018ರ ಡಿಸೆಂಬರ್ 13ರಂದು ಕ್ಸಾನಿನ ಗಣಿಗೆ ನೀರು ನುಗ್ಗಿ ಕನಿಷ್ಠ 15 ಕೂಲಿಕಾರರು ಒಳಗೇ ಸಿಕ್ಕಿಬಿದ್ದರು. 2019ರಲ್ಲಿ 100 ಕೋಟಿ ರೂಪಾಯಿ ಕಟ್ಟೆಂದು ನ್ಯಾಯಮಂಡಳಿ ಹೇಳಿದ್ದು ರಾಜ್ಯ ಸರ್ಕಾರಕ್ಕೆ. ಲಾಭ ಮಾತ್ರ ಗಣಿಯವರ ಮನೆ ಸೇರಿತ್ತು.

ಹಾಗಾದರೆ ಗಣಿ ಸರ್ಕಾರದ ಕೈಗೆ ಬಂದೊಡನೆ ಎಲ್ಲ ಸರಿಹೋಗುತ್ತದೆಯೆ? ಸಮಾಜವಾದಿಗಳಾದ ನಾವೇ ಇದಕ್ಕೆ ಮೊದಲು ಉತ್ತರ ಕೊಡಬೇಕು. ವೇಲ್ಸಿನ ಅಬರ್‌ಫ್ಯಾನ್ ಹಳ್ಳಿಯ ಗಣಿ 1947ರಿಂದ ರಾಷ್ಟ್ರದ ಸ್ವತ್ತು. ಅದನ್ನು ನಡೆಸಿದ ಮಂಡಳಿ ಗಣಿಯ ಕಸವನ್ನು ಬುಗ್ಗೆ ನೀರಿನ ಮೇಲೆಯೇ ಗುಡ್ಡ ಮಾಡಿತು. ಅಪಾಯವನ್ನು ಮೊದಲೇ ಹೇಳಿದವರಿದ್ದರು. 1966ರ ಅಕ್ಟೋಬರ್ 21ರ ಬೆಳಿಗ್ಗೆ ನೀರು ಕುಡಿದ ಗುಡ್ಡ ಜಾರಿ ಶಾಲೆಯ ಮೇಲೆ ಬಿತ್ತು. 144 ಜನ ಸತ್ತರು. ಅವರಲ್ಲಿ 116 ಮಕ್ಕಳು. ಉಳಿದ ಗುಡ್ಡಗಳನ್ನು ತೆಗೆಯುವ ಖರ್ಚಿಗೆ, ನೊಂದವರಿಗಾಗಿ ಕೂಡಿಸಿದ ನಿಧಿಯಿಂದಲೇ 1,50,000 ಪೌಂಡು ತೆಗೆದುಕೊಂಡರು. ಆಗ ಆಳುತ್ತಿದ್ದುದು ಲೇಬರ್ ಪಕ್ಷ! ಹಣ ಮರಳಿದ್ದು 1997ರಲ್ಲಿ.

ಆದ್ದರಿಂದ ನಮ್ಮ ಬೇಡಿಕೆ ಒಡೆತನದಲ್ಲಿ ಮುಗಿಯಕೂಡದು. 2020ರಿಂದ ನಮ್ಮ ದೇಶದಲ್ಲಿ ಖಾಸಗಿಯವರಿಗೆ ಕಲ್ಲಿದ್ದಲ ಗಣಿಗಳ ಹರಾಜು ನಡೆದಿದೆ. ಗಣಿ ಯಾರದೇ ಆಗಲಿ, ಗುದ್ದಲಿ ಹಾಕುವ ಮೊದಲು ಸುತ್ತಲ ಬಾವಿಗಳ ನೀರು ಪರೀಕ್ಷೆಯಾಗಿ ಪಂಚಾಯತಿಯ ಹಲಗೆಯ ಮೇಲೆ ಬರಬೇಕು, ವರ್ಷವರ್ಷವೂ ಬರಬೇಕು. ಪೈರೈಟಿನ ಕಲ್ಲನ್ನು ಬೇರೆ ಮಾಡಿ ಜೇಡಿಮಣ್ಣಿನಿಂದ ಮುಚ್ಚಬೇಕು. ಹುಳಿ ನೀರನ್ನು ಸುಣ್ಣದಿಂದ ಮುರಿದೇ ಹಳ್ಳಕ್ಕೆ ಬಿಡಬೇಕು. ಗಣಿ ಮುಚ್ಚಿದ ಮೇಲಿನ ಖರ್ಚಿಗೆ ಇಡುವ ಠೇವಣಿಯ ಲೆಕ್ಕ ಗ್ರಾಮಸಭೆಯ ಮುಂದೆ ಬರಬೇಕು. ಇದರಿಂದ ವಿದ್ಯುತ್ ದರ ಏರೀತು ಎಂದು ನಮ್ಮವರೇ ಕೂಗಿಯಾರು. ಏರಲಿ, ಆದರೆ ಅದನ್ನು ಪಂಪುಸೆಟ್ಟಿನ ರೈತನಿಂದಲ್ಲ, ದೊಡ್ಡ ಕಾರ್ಖಾನೆಗಳಿಂದ ವಸೂಲು ಮಾಡಬೇಕು.